ಒತ್ತಡದೊಳಗಿನ ಬೆಂಕಿ, ಬೆಂಕಿಯೊಳಗಿನ ಮಸಿ

ಮುಂಬಯಿಯಿಂದ ನಾಸಿಕಕ್ಕೆ ಹೋಗುವ ಹೆದ್ದಾರಿಯಲ್ಲಿ ಕಸಾರಾ ಘಟ್ಟವನ್ನು ಹತ್ತುವ ಲಾರಿಗಳ ಹಿಂದೆ ಸಾಗುವ ಪ್ರಯಾಣಿಕನಿಗೆ ಒಂದು ದೃಶ್ಯ ಕಣ್ಣಿಗೆ ಬೀಳದೆ ಇರದು: ತಿರುವಿನಲ್ಲಿ ನಿಧಾನಗೊಂಡ ಹಳೆಯ ಲಾರಿಯ ಚಾಲಕನು ಗೇರು ಬದಲಿಸಿ ಆಕ್ಸಿಲರೇಟರನ್ನು ಒತ್ತಿದೊಡನೆ ಸೈಲೆನ್ಸರಿನಿಂದ ದಟ್ಟವಾದ ಕಪ್ಪು ಹೊಗೆ ಹೊರಬಿದ್ದು, ಇಂಜಿನ್ನು ವೇಗವನ್ನು ಕೂಡಿಸಿಕೊಂಡಂತೆಲ್ಲ ಅದು ತೆಳುವಾಗಿ, ಕೊನೆಗೆ ಕಾಣದಾಗುವುದು. ಡೀಸೆಲ್ ಒಳಕ್ಕೆ ನುಗ್ಗಲು ಒಂದು ಕ್ಷಣ ಸಾಕು. ಆದರೆ ಅದನ್ನು ಸುಡಲು ಬೇಕಾದ ಗಾಳಿಯನ್ನು ತುಂಬುವ ಟರ್ಬೋ ಚಕ್ರವು ವೇಗವೇರಲು ಅದಕ್ಕಿಂತ ತುಸು ಹೆಚ್ಚು ಹೊತ್ತು ಹಿಡಿಯುವುದು. ಆ ನಡುವಿನ ಅಂತರದಲ್ಲಿ ಗಾಳಿ ದೊರೆಯದೆ ಉಳಿದ ಇಂಗಾಲವೇ ಈ ಮಸಿ. ಕಾರಣ ಇಷ್ಟೇ ಎಂದು ತೋರಬಹುದು. ಆದರೆ ಅದೇ ಇಂಜಿನ್ನಿನ ಒಳಗೆ, ಗಾಳಿ ಯಥೇಚ್ಛವಾಗಿ ಇರುವಾಗಲೂ, ಪ್ರತಿಯೊಂದು ಸ್ಫೋಟದಲ್ಲಿಯೂ ಅಪಾರವಾದ ಮಸಿ ಹುಟ್ಟುತ್ತದೆ ಎಂಬುದನ್ನೂ, ಹುಟ್ಟಿದ ಮಸಿಯ ಬಹುಭಾಗವು ಹೊರಬರುವ ಮೊದಲೇ ಅಲ್ಲಿಯೇ ಸುಟ್ಟುಹೋಗುತ್ತದೆ ಎಂಬುದನ್ನೂ, ಈ ಹುಟ್ಟು ಸಾವುಗಳೆರಡನ್ನೂ ಆಳುವ ಶಕ್ತಿಗಳಲ್ಲಿ ಒತ್ತಡವು ಮುಖ್ಯವಾದುದೆಂಬುದನ್ನೂ ತಿಳಿದವರು ಕಡಮೆ.

ಘಟ್ಟ ಹತ್ತಿ ತಲುಪುವ ನಾಸಿಕವು ಗೋದಾವರಿಯ ಪುಣ್ಯಕ್ಷೇತ್ರವೆಂದೂ ದ್ರಾಕ್ಷಿಯ ಸೀಮೆಯೆಂದೂ ಪ್ರಸಿದ್ಧವಾಗಿದ್ದರೂ, ಒತ್ತಡದಲ್ಲಿ ಉರಿಯುವ ಬೆಂಕಿಯನ್ನು ಅರಿಯಬಯಸುವವನಿಗೆ ಅದರ ಇನ್ನೊಂದು ಮುಖವೇ ಹೆಚ್ಚು ಬೋಧಪ್ರದ. ನಗರದ ಸಾತ್ಪುರ ಕೈಗಾರಿಕಾ ಪ್ರದೇಶದಲ್ಲಿರುವ ಬಾಷ್ ಕಾರ್ಖಾನೆಯಲ್ಲಿ ಡೀಸೆಲ್ ಇಂಜಿನ್ನುಗಳಿಗೆ ಇಂಧನವನ್ನು ಎರಚುವ ನಾಜಲ್‌ಗಳೂ ಇಂಜೆಕ್ಟರುಗಳೂ ತಯಾರಾಗುತ್ತವೆ. 1951ರಲ್ಲಿ ಸ್ಥಾಪಿತವಾಗಿ, ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದು, ಒಂದು ಬಡಾವಣೆಗೆ ತನ್ನ ಹೆಸರನ್ನೇ ಕೊಟ್ಟ ನಮ್ಮ ಮೈಕೋ ಸಂಸ್ಥೆಯ ಶಾಖೆಯೇ ಇದು. 2008ರಲ್ಲಿ ಸಂಸ್ಥೆಯ ಹೆಸರು ಬಾಷ್ ಎಂದಾಯಿತು. ಅದೇ ಊರಿನಲ್ಲಿ ಮಹೀಂದ್ರ ವಾಹನಗಳ ಕಾರ್ಖಾನೆಯಿದೆ. ಸಮೀಪದ ಓಝರ್‌ನಲ್ಲಿ, ಮಿಗ್-21 ವಿಮಾನಗಳ ನಿರ್ಮಾಣಕ್ಕೆಂದು 1964ರಲ್ಲಿ ನೆಲೆಗೊಂಡ ಹಿಂದುಸ್ತಾನ್ ಏರೋನಾಟಿಕ್ಸಿನ ವಿಭಾಗವಿದೆ. ಪೂರ್ವಕ್ಕೆ ಸಾಗಿದರೆ, ನಿನ್ನೆಮೊನ್ನೆಯವರೆಗೆ ಔರಂಗಾಬಾದೆನಿಸಿದ್ದ ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ ಬಜಾಜ್ ಆಟೋರಿಕ್ಷಾಗಳು, ಶೇಂದ್ರಾದಲ್ಲಿ ಸ್ಕೋಡಾ ಕಾರುಗಳು ತಯಾರಾಗುತ್ತವೆ. ಇಷ್ಟೊಂದು ಬಗೆಯ ಅಗ್ನಿಯಂತ್ರಗಳು ಒಂದೇ ಪ್ರಸ್ಥಭೂಮಿಯ ಮೇಲೆ ಕೂಡಿರುವುದು ವಿರಳ.

ಮಸಿ ಹುಟ್ಟುವ ಬಗೆಯನ್ನು ಹೊರಗಣ್ಣಿನಿಂದ ಕಾಣಬೇಕಾದರೆ ಈ ಕೈಗಾರಿಕಾ ಪ್ರದೇಶಗಳ ಯಾವುದಾದರೂ ಗ್ಯಾಸ್ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತರೆ ಸಾಕು. ಕೆಲಸಗಾರನು ಮೊದಲು ಅಸಿಟಿಲೀನ್ ಅನಿಲವನ್ನು ಮಾತ್ರ ತಿರುವಿ ಕಿಡಿ ತಾಗಿಸಿದಾಗ ಹಳದಿಯ, ಬಳುಕುವ ದೊಡ್ಡ ಜ್ವಾಲೆಯೊಂದು ಎದ್ದು, ಅದರ ತುದಿಯಿಂದ ಕಪ್ಪು ಎಳೆಗಳು ಕಳಚಿ, ಗಾಳಿಯಲ್ಲಿ ತೇಲಿ, ಬೆಂಚಿನ ಮೇಲೂ ಅಂಗಿಯ ಮೇಲೂ ಕುಳಿತುಕೊಳ್ಳುವುವು. ಬಳಿಕ ಆಮ್ಲಜನಕದ ತಿರುಗಣಿಯನ್ನು ಮೆಲ್ಲಗೆ ತೆರೆದಂತೆ ಹಳದಿ ಕುಗ್ಗಿ, ಎಳೆಗಳು ಮಾಯವಾಗಿ, ನಳಿಗೆಯ ತುದಿಯಲ್ಲಿ ಚೂಪಾದ ನೀಲಿಯ ಶಂಕು ನಿಲ್ಲುವುದು. ಅಸಿಟಿಲೀನ್ ಇಲ್ಲಿ ಆಕಸ್ಮಿಕವಾಗಿ ಸಿಕ್ಕ ಉದಾಹರಣೆಯಲ್ಲ. ಡೀಸೆಲಾಗಲಿ ಸೀಮೆಎಣ್ಣೆಯಾಗಲಿ ಬತ್ತಿಯ ಎಣ್ಣೆಯಾಗಲಿ, ಆಮ್ಲಜನಕ ತಲುಪದ ಬಿಸಿಯಲ್ಲಿ ಸಿಲುಕಿದಾಗ ಒಡೆದು ಮೊದಲು ಅಸಿಟಿಲೀನಿನಂತಹ ಚಿಕ್ಕ ಅಣುಗಳಾಗುವುದು. ಆ ಅಣುಗಳು ಪರಸ್ಪರ ಬೆಸೆದು ಬೆಂಜೀನಿನ ಉಂಗುರವಾಗುವುವು. ಉಂಗುರಕ್ಕೆ ಉಂಗುರ ಸೇರಿ ಹಾಳೆಗಳಾಗುವುವು. ಹಾಳೆಗಳು ಒಂದರ ಮೇಲೊಂದು ಕೂಡಿಕೊಂಡು ಒಂದೆರಡು ನ್ಯಾನೋಮೀಟರಿನ ಕಣವಾದ ಕ್ಷಣದಲ್ಲಿ ಮಸಿ ಹುಟ್ಟಿತೆಂದು ಹೇಳಬಹುದು. ಹುಟ್ಟಿದ ಕಣವು ಸುತ್ತಣ ಅಸಿಟಿಲೀನನ್ನು ತನ್ನ ಮೈಗೆ ಅಂಟಿಸಿಕೊಳ್ಳುತ್ತ ಹಲವು ಹತ್ತು ನ್ಯಾನೋಮೀಟರಿಗೆ ಬೆಳೆದು, ಅಂತಹ ಕಣಗಳು ನೂರಾರು ಸೇರಿ ಸರಗಳಾಗಿ ಗೊಂಚಲುಗಳಾಗಿ ಜ್ವಾಲೆಯ ಅಂಚಿಗೆ ಬರುವುವು. ಅಂಚಿನಲ್ಲಿ ಆಮ್ಲಜನಕವೂ, ಅದಕ್ಕಿಂತ ಚುರುಕಾದ ಹೈಡ್ರಾಕ್ಸಿಲ್ ಎಂಬ ಅಣುಖಂಡವೂ ಕಾದಿದ್ದು ಅವುಗಳನ್ನು ಸುಟ್ಟುಬಿಡುವುವು. ಸುಡುವ ಬಿಸಿ ಅಲ್ಲಿ ಉಳಿದಿದ್ದರೆ ದೀಪ ಹೊಗೆಯುವುದಿಲ್ಲ. ಅದಕ್ಕೆ ಮೊದಲೇ ತಣಿದರೆ ಹೊಗೆಯುವುದು.

ಕಾಡಿಗೆ ಮಾಡುವವರು ದೀಪದ ಕುಡಿಗೆ ತಟ್ಟೆ ಹಿಡಿಯುವುದು ಜ್ವಾಲೆಯನ್ನು ಹೀಗೆ ಅರ್ಧದಲ್ಲಿ ತಣಿಸುವುದಕ್ಕಾಗಿಯೇ. ಸಂಭಾಜಿನಗರದ ಜಿಲ್ಲೆಗೇ ಸೇರಿದ ಅಜಂತೆಯ ಗುಹೆಗಳಲ್ಲಿ ಬಣ್ಣಗಳೆಲ್ಲ ಬಹುತೇಕ ಮಣ್ಣು ಕಲ್ಲುಗಳಿಂದ ಬಂದವಾದರೂ, ಕಣ್ಣು ಕುರುಳುಗಳಿಗೆ ಬಳಸಿದ ಕಪ್ಪು ಮಾತ್ರ ದೀಪದ ಮಸಿಯದು. ಒಂದೂವರೆ ಸಾವಿರ ವರ್ಷಗಳ ಬಳಿಕವೂ ಅದು ಮಾಸದೆ ಉಳಿದಿದೆ ಎಂಬುದರಲ್ಲಿ ಇಂಗಾಲದ ಹಾಳೆಗಳು ಎಷ್ಟು ಸ್ಥಿರವಾದ ವಸ್ತುವೆಂಬುದಕ್ಕೆ ಸಾಕ್ಷ್ಯವಿದೆ. ಈ ಸ್ಥಿರತೆ ಚಿತ್ರಕಾರನಿಗೆ ಅನುಗ್ರಹವಾದಂತೆ ನಮ್ಮ ಶ್ವಾಸಕೋಶಗಳಿಗೆ ಶಾಪವಾಗಿದೆ: ಡೀಸೆಲಿನ ಹೊಗೆಯು ಮನುಷ್ಯರಲ್ಲಿ ಅರ್ಬುದ ರೋಗವನ್ನು ಉಂಟುಮಾಡುವುದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ನಿಸ್ಸಂದಿಗ್ಧವಾಗಿ ವರ್ಗೀಕರಿಸಿತು.

ಇಲ್ಲಿಯವರೆಗೆ ಹೇಳಿದುದು ತೆರೆದ ಗಾಳಿಯಲ್ಲಿ ಉರಿಯುವ ಬೆಂಕಿಯ ಮಾತು. ಒತ್ತಡವು ಬದಲಾದರೆ ಬೆಂಕಿಯ ಸ್ವಭಾವವೂ ಬದಲಾಗುವುದೇ ಎಂಬ ಪ್ರಶ್ನೆಯನ್ನು ಮೊದಲು ಶ್ರದ್ಧೆಯಿಂದ ಪರಿಶೀಲಿಸಿದವನು ಇಂಗ್ಲೆಂಡಿನ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್. 1859ರ ಆಗಸ್ಟಿನಲ್ಲಿ ಅವನು ಜಾನ್ ಟಿಂಡಲನೊಡನೆ ಮೇಣದ ಬತ್ತಿಗಳನ್ನು ಹೊತ್ತು ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರವನ್ನೇರಿ, ಕೆಳಗಿನ ಶಮೊನಿ ಗ್ರಾಮದಲ್ಲಿ ಒಂದು ಗಂಟೆಗೆ ಎಷ್ಟು ಮೇಣ ಸುಡುವುದೋ ಶಿಖರದ ಮೇಲೆಯೂ ಹೆಚ್ಚುಕಡಮೆ ಅಷ್ಟೇ ಸುಡುವುದೆಂದೂ, ಆದರೆ ಬೆಳಕು ಮಾತ್ರ ಬಹಳ ಮಂಕಾಗುವುದೆಂದೂ ಕಂಡುಕೊಂಡನು. ಶಿಖರದ ಮೇಲಿನ ವಾಯುವಿನ ಒತ್ತಡ ಸಮುದ್ರಮಟ್ಟದಲ್ಲಿರುವುದರ ಅರ್ಧಕ್ಕಿಂತ ತುಸುವೇ ಹೆಚ್ಚು. ದೀಪದ ಹಳದಿ ಬೆಳಕೆಂದರೆ ಕಾದು ಬೆಳಗುವ ಮಸಿಯ ಕಣಗಳ ಬೆಳಕು. ಬೆಳಕು ಕುಗ್ಗಿತೆಂದರೆ ಜ್ವಾಲೆಯೊಳಗೆ ಮಸಿ ಕುಗ್ಗಿತೆಂದೇ ಅರ್ಥ. ಮುಂದೆ ಅವನು ಒತ್ತಿದ ಗಾಳಿಯಲ್ಲಿ ಮದ್ಯಸಾರದ ದೀಪವನ್ನು ಹೊತ್ತಿಸಿ, ಸಾಮಾನ್ಯವಾಗಿ ಕಣ್ಣಿಗೆ ಕಾಣದಷ್ಟು ನಸುನೀಲಿಯಾಗಿರುವ ಆ ಜ್ವಾಲೆಯೂ ಒತ್ತಡವೇರಿದಂತೆ ಉಜ್ವಲವಾಗುವುದನ್ನು ನೋಡಿದನು. ತಾನು ಕಂಡುದಕ್ಕೆ ಅವನು ಕೊಟ್ಟ ವಿವರಣೆ ಬೇರೆಯಾಗಿತ್ತು: ಬೆಳಗುವುದು ಘನಕಣಗಳಲ್ಲ, ಸಾಂದ್ರವಾದ ಆವಿಗಳು ಎಂದು ಅವನು ವಾದಿಸಿದನು. ಅದು ನಿಲ್ಲಲಿಲ್ಲವಾದರೂ, ಒಂದು ಪರ್ವತವನ್ನು ಪ್ರಯೋಗಶಾಲೆಯಾಗಿ ಮಾಡಿಕೊಂಡ ಆ ವೀಕ್ಷಣೆಯು ಇಂದಿಗೂ ಅಚಲವಾಗಿ ನಿಂತಿದೆ.

ಒತ್ತಡವೇರಿದರೆ ಮಸಿ ಏಕೆ ಹೆಚ್ಚಬೇಕು? ಕಾಲಿಡಲು ಎಡೆಯಿಲ್ಲದ ಸಂತೆಯಲ್ಲಿ ಹೆಜ್ಜೆಗೊಬ್ಬರು ಮೈಗೆ ತಗಲುವಂತೆ, ಒತ್ತಿದ ಅನಿಲದಲ್ಲಿ ಅಣುಗಳು ಪರಸ್ಪರ ತಾಗುವ ಸಂದರ್ಭಗಳು ಹೆಚ್ಚುವುವು. ಒತ್ತಡ ಇಮ್ಮಡಿಯಾದರೆ ಒಂದೇ ಬಿಸಿಯಲ್ಲಿ ಅಣುಗಳ ಸಾಂದ್ರತೆ ಇಮ್ಮಡಿಯಾಗುವುದು. ಎರಡು ಅಣುಗಳ ಘರ್ಷಣೆಯಿಂದ ನಡೆಯುವ ಕ್ರಿಯೆಯಾದರೋ ಅಷ್ಟೇ ಸ್ಥಳದಲ್ಲಿ ನಾಲ್ಮಡಿಯಾಗುವುದು. ಉಂಗುರ ಕಟ್ಟುವುದು, ಹಾಳೆ ಬೆಳೆಯುವುದು, ಕಣಗಳು ಕೂಡುವುದು ಎಲ್ಲವೂ ಘರ್ಷಣೆಯ ಮಕ್ಕಳೇ. 1986ರಲ್ಲಿ ಅಮೆರಿಕದ ಫ್ಲವರ್ ಮತ್ತು ಬೋಮನ್ ಎಂಬವರು 1ರಿಂದ 10 ವಾಯುಭಾರಗಳ ನಡುವೆ ಎಥಿಲೀನಿನ ಜ್ವಾಲೆಯನ್ನು ಅಳೆದು, ಅದರ ಅಡ್ಡಕ್ಕೆ ಹಾಯುವ ಬೆಳಕಿನ ಹಾದಿಯಲ್ಲಿ ಕೂಡಿದ ಮಸಿಯು ಒತ್ತಡದ ಅನುಪಾತಕ್ಕಿಂತಲೂ ತುಸು ವೇಗವಾಗಿ ಏರುವುದನ್ನು ತೋರಿಸಿದರು. ಕೆನಡದ ಟೊರಾಂಟೊ ವಿಶ್ವವಿದ್ಯಾನಿಲಯದ ಗುಲ್ಡರ್ ಮತ್ತು ಸಹೋದ್ಯೋಗಿಗಳು 2005ರಲ್ಲಿ ಮಿಥೇನ್ ಜ್ವಾಲೆಯನ್ನು 40 ವಾಯುಭಾರಗಳವರೆಗೆ ಒಯ್ದಾಗ, ಇಂಧನದ ಇಂಗಾಲದಲ್ಲಿ ಮಸಿಯಾಗಿ ಮಾರ್ಪಡುವ ಭಾಗವು 20ರವರೆಗೆ ಸುಮಾರಾಗಿ ಒತ್ತಡದೊಡನೆ ಹೆಜ್ಜೆ ಹಾಕಿ ಏರಿ, ಆಮೇಲೆ ಬಹುತೇಕ ನಿಂತುಬಿಡುವುದು ಕಂಡಿತು. ಏರಿಕೆಯು ಅನಂತವಲ್ಲ ಎಂಬ ಈ ಸಂಗತಿ ಬಹು ಮುಖ್ಯವಾದುದು.

ಆದರೆ ಇವೆಲ್ಲ ಪ್ರಶಾಂತ ಜ್ವಾಲೆಗಳು. ದೇವರ ಮುಂದಿನ ನಂದಾದೀಪದ ಹಾಗೆ ಪದರ ಕಲಕದೆ ನಿಲ್ಲುವಂತಹವು. ಇಂಜಿನ್ನಿನ ಬೆಂಕಿಯಾದರೋ ಕ್ಷುಬ್ಧವಾದುದು, ಸುಳಿಯೊಳಗೆ ಸುಳಿ ಹುಟ್ಟಿ ಮುರಿಯುವಂತಹುದು. ಪ್ರವಾಹವೊಂದು ಶಾಂತವೋ ಕ್ಷುಬ್ಧವೋ ಎಂಬುದನ್ನು ನಿರ್ಣಯಿಸುವ ಅಂಕೆಯನ್ನು ಮ್ಯಾಂಚೆಸ್ಟರಿನ ಆಸ್ಬೋರ್ನ್ ರೆನಾಲ್ಡ್ಸ್ 1883ರಲ್ಲಿ ಪ್ರತಿಪಾದಿಸಿದನು: ವೇಗ, ಗಾತ್ರ, ಸಾಂದ್ರತೆಗಳ ಗುಣಲಬ್ಧವನ್ನು ಸ್ನಿಗ್ಧತೆಯಿಂದ ಭಾಗಿಸಿದರೆ ಆ ಸಂಖ್ಯೆ ದೊರೆಯುವುದು. ಅನಿಲವನ್ನು ಒತ್ತಿದರೆ ಅದರ ಸಾಂದ್ರತೆ ಏರುವುದು, ಸ್ನಿಗ್ಧತೆ ಮಾತ್ರ ಹೆಚ್ಚುಕಡಮೆ ಇದ್ದಂತೆಯೇ ಇರುವುದು. ಆದುದರಿಂದ ಒಂದೇ ನಳಿಗೆಯಿಂದ ಒಂದೇ ವೇಗದಲ್ಲಿ ಚಿಮ್ಮುವ ಅನಿಲದ ಒತ್ತಡವನ್ನು ಹತ್ತು ಪಟ್ಟು ಮಾಡಿದರೆ ರೆನಾಲ್ಡ್ಸ್ ಸಂಖ್ಯೆಯೂ ಹತ್ತು ಪಟ್ಟಾಗಿ, ಅತಿ ಸಣ್ಣ ಸುಳಿಗಳು ಹಿಂದಿಗಿಂತ ಐದಾರು ಪಟ್ಟು ಕಿರಿದಾಗುವುವು. ಕಿರಿಯ ಸುಳಿಗಳೆಂದರೆ ಗಾಳಿ ಇಂಧನಗಳ ತ್ವರಿತವಾದ ಬೆರಕೆ. ತ್ವರಿತವಾದ ಬೆರಕೆಯೆಂದರೆ ಮಸಿಗೆ ಬೆಳೆಯಲು ಬೇಕಾದ ಹೊತ್ತಿನ ಅಭಾವ. ಹೀಗೆ ಒತ್ತಡವು ರಸಾಯನದ ದಾರಿಯಿಂದ ಮಸಿಯನ್ನು ಹೆಚ್ಚಿಸಲು ಹವಣಿಸುತ್ತಿರುವಾಗಲೇ ಚಲನೆಯ ದಾರಿಯಿಂದ ಅದನ್ನು ತಡೆಯಲೂ ಹವಣಿಸುವುದು. ರೆನಾಲ್ಡ್ಸ್ ಸಂಖ್ಯೆಯನ್ನು ಸ್ಥಿರವಾಗಿ ಇರಿಸಿ ಒತ್ತಡವನ್ನು ಏರಿಸಬೇಕೆಂದರೆ ವೇಗವನ್ನು ತಗ್ಗಿಸಬೇಕಾಗುವುದು. ಆಗ ಇಂಧನವು ಜ್ವಾಲೆಯೊಳಗೆ ಹೆಚ್ಚು ಹೊತ್ತು ತಂಗುವುದು, ಮಸಿಗೆ ಸುಗ್ಗಿಯಾಗುವುದು. ಒಂದೇ ಒತ್ತಡದ ಪರಿಣಾಮವನ್ನು ಅಳೆದ ಇಬ್ಬರು ಸಂಶೋಧಕರು ಬೇರೆ ಬೇರೆ ಉತ್ತರಗಳನ್ನು ಪಡೆದರೆ, ಅವರು ಯಾವುದನ್ನು ಸ್ಥಿರವಾಗಿ ಇಟ್ಟುಕೊಂಡಿದ್ದರೆಂದು ಮೊದಲು ಕೇಳಬೇಕು. ಸೌದಿ ಅರೇಬಿಯದ ರಾಜ ಅಬ್ದುಲ್ಲಾ ವಿಶ್ವವಿದ್ಯಾನಿಲಯದಲ್ಲಿ ಕಿಟಕಿಗಳುಳ್ಳ ಭಾರಿ ಉಕ್ಕಿನ ಕೋಶದೊಳಗೆ ಕ್ಷುಬ್ಧ ಜ್ವಾಲೆಗಳನ್ನು ಹೊತ್ತಿಸಿ, ಲೇಸರ್ ಬೆಳಕಿನಿಂದ ಮಸಿಯ ಕಣಗಳನ್ನು ಕ್ಷಣಕಾಲ ಕಾಯಿಸಿ, ಅವು ಹೊಳೆಯುವ ಬೆಳಕಿನಿಂದ ಅವುಗಳ ಪ್ರಮಾಣವನ್ನು ಅಳೆಯುವ ಪ್ರಯೋಗಗಳು ಇದೇ ಪ್ರಶ್ನೆಯನ್ನು ಬೆನ್ನಟ್ಟಿವೆ. ಕ್ಷುಬ್ಧ ಜ್ವಾಲೆಯಲ್ಲಿ ಮಸಿಯು ಎಲ್ಲೆಡೆ ಸಮನಾಗಿ ಹರಡಿರದೆ, ಒಂದು ಕ್ಷಣ ತೆಳ್ಳನೆಯ ಎಳೆಯಾಗಿ ಕಂಡು ಮರುಕ್ಷಣ ಅದೇ ಎಡೆಯಲ್ಲಿ ಇಲ್ಲವಾಗುವುದು. ಸರಾಸರಿ ಲೆಕ್ಕವನ್ನು ಮಾತ್ರ ನಂಬಿದವನಿಗೆ ಇದರ ನಿಜರೂಪ ತಿಳಿಯದು. ಅದೂ ಅಲ್ಲದೆ, ಒತ್ತಡವೇರಿದಂತೆ ದಟ್ಟವಾಗುವ ಮಸಿಯೇ ಲೇಸರಿನ ಬೆಳಕನ್ನು ನುಂಗಿ ಅಳತೆಗೆ ಅಡ್ಡಬರುವುದು.

ಈಗ ನಾಸಿಕದ ನಾಜಲ್ಲಿಗೆ ಮರಳೋಣ. ಅಂಗೈಯಲ್ಲಿ ಹಿಡಿದರೆ ಬೆರಳಿನಷ್ಟು ದಪ್ಪದ ಉಕ್ಕಿನ ತುಣುಕು. ಅದರೊಳಗೆ ಏರಿಳಿಯುವ ಒಂದು ಸೂಜಿ, ಸೂಜಿಗೂ ಗೋಡೆಗೂ ನಡುವೆ ಕೆಲವೇ ಮೈಕ್ರಾನುಗಳ ಅಂತರ. ತುದಿಯ ಪುಟ್ಟ ಗುಬ್ಬಿಯಲ್ಲಿ ಸುತ್ತಲೂ ಕೊರೆದ, ತಲೆಗೂದಲಿಗಿಂತ ತುಸು ಹೆಚ್ಚು ಅಗಲವಾದ ರಂಧ್ರಗಳು. ಕಾಮನ್ ರೈಲ್ ಎಂದು ಗ್ಯಾರೇಜಿನವರೆಲ್ಲರೂ ಬಲ್ಲ ಏರ್ಪಾಟಿನಲ್ಲಿ ಡೀಸೆಲನ್ನು 1,600 ಬಾರ್, 2,000 ಬಾರ್, ಅದಕ್ಕೂ ಮಿಗಿಲಾದ ಒತ್ತಡದಲ್ಲಿ ಕೂಡಿಟ್ಟು ಈ ರಂಧ್ರಗಳಿಂದ ಬಿಡುವರು. 1,600 ಬಾರಿನಲ್ಲಿ ಚಿಮ್ಮುವ ಡೀಸೆಲಿನ ವೇಗವು ಲೆಕ್ಕದ ಪ್ರಕಾರ ಸೆಕೆಂಡಿಗೆ ಸುಮಾರು 600 ಮೀಟರು, ಎಂದರೆ ಸಾಮಾನ್ಯ ಗಾಳಿಯಲ್ಲಿ ಶಬ್ದದ ವೇಗಕ್ಕಿಂತ ಬಹಳ ಹೆಚ್ಚು. ಇಲ್ಲಿ ಓದುಗರು ಎರಡು ಒತ್ತಡಗಳನ್ನು ಬೇರ್ಪಡಿಸಿ ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಒಂದು, ಸಿಲಿಂಡರಿನೊಳಗೆ ಪಿಸ್ಟನ್ನು ಗಾಳಿಯನ್ನು ಹಿಸುಕುವುದರಿಂದ ಜ್ವಾಲೆಯ ಸುತ್ತ ನೆರೆಯುವ ಹಲವು ಹತ್ತು ಬಾರ್‌ಗಳ ಒತ್ತಡ. ಇನ್ನೊಂದು, ಇಂಧನದ ಬೆನ್ನ ಹಿಂದೆ ಪಂಪು ಕೂಡಿಸುವ ಸಾವಿರಾರು ಬಾರ್‌ಗಳ ಒತ್ತಡ. ಮೊದಲನೆಯದು ಮಸಿಯ ರಸಾಯನವನ್ನು ಚುರುಕುಗೊಳಿಸುವುದು; ಎರಡನೆಯದು ಹನಿಗಳನ್ನು ನುಣುಪಾಗಿ ಒಡೆದು, ಗಾಳಿಯನ್ನು ಸೆಳೆದು ಬೆರೆಸಿ, ಮಸಿಗೆ ಎಡೆಗೊಡದಂತೆ ಮಾಡುವುದು. ಅರ್ಧ ಶತಮಾನದ ಡೀಸೆಲ್ ತಂತ್ರವಿದ್ಯೆಯನ್ನೆಲ್ಲ ಮೊದಲನೆಯ ಒತ್ತಡದ ಅನಿವಾರ್ಯತೆಯನ್ನು ಎರಡನೆಯದರಿಂದ ಗೆಲ್ಲುವ ಪ್ರಯತ್ನವೆಂದೇ ನಾನು ಓದುತ್ತೇನೆ.

1997ರಲ್ಲಿ ಅಮೆರಿಕದ ಸಾಂಡಿಯಾ ಪ್ರಯೋಗಶಾಲೆಯ ಜಾನ್ ಡೆಕ್ ಎಂಬವರು, ಲೇಸರಿನ ತೆಳು ಹಾಳೆಗಳನ್ನು ಉರಿಯುವ ಡೀಸೆಲ್ ಧಾರೆಯ ಮೂಲಕ ಹಾಯಿಸಿ ಪಡೆದ ಚಿತ್ರಗಳ ಆಧಾರದ ಮೇಲೆ, ಆ ಬೆಂಕಿಯ ರಚನೆಯನ್ನು ಹೊಸದಾಗಿ ನಿರೂಪಿಸಿದರು. ಬೆಂಕಿಯು ನಾಜಲ್ಲಿನ ಬಾಯಿಗೇ ಅಂಟಿಕೊಂಡಿರದೆ ತುಸು ದೂರದಲ್ಲಿ ಆರಂಭವಾಗುವುದು. ಆ ದೂರದೊಳಗೆ ಧಾರೆಯು ಎಷ್ಟು ಗಾಳಿಯನ್ನು ಒಳಗೊಳ್ಳುವುದೋ ಅದರ ಮೇಲೆ ಮಸಿಯ ಭವಿಷ್ಯ ನಿಂತಿದೆ. ಬೆಂಕಿ ಮೊದಲಾಗುವ ಎಡೆಯಲ್ಲಿ ಇಂಧನದ ಪ್ರಮಾಣವು ಅಲ್ಲಿಯ ಗಾಳಿ ಪೂರ್ತಿಯಾಗಿ ಸುಡಬಲ್ಲ ಪ್ರಮಾಣದ ಸುಮಾರು ಎರಡು ಪಟ್ಟಿಗಿಂತ ಕಡಮೆಯಿದ್ದರೆ ಮಸಿ ಹುಟ್ಟುವುದೇ ಇಲ್ಲವೆಂದು ಮುಂದಿನ ಪ್ರಯೋಗಗಳು ತಿಳಿಸಿದವು. ಇಂಧನದ ಒತ್ತಡವನ್ನು ಏರಿಸಿದರೆ ಈ ದೂರ ಹೆಚ್ಚುವುದು. ಸಿಲಿಂಡರಿನ ಬಿಸಿಯೂ ಸಾಂದ್ರತೆಯೂ ಏರಿದರೆ ಕುಗ್ಗುವುದು. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೇ ಎರಚುವ ಕಾರುಗಳಲ್ಲಿಯೂ ಇದೇ ಕಥೆ: ಪಿಸ್ಟನ್ನಿನ ತಲೆಯ ಮೇಲೆ ಹಸಿಯಾಗಿ ಉಳಿದ ಪೆಟ್ರೋಲು ಹೊಗೆಯುವುದನ್ನು ತಪ್ಪಿಸಲು ಎರಚುವ ಒತ್ತಡವನ್ನು 200 ಬಾರಿನಿಂದ 350 ಬಾರಿಗೆ ಏರಿಸುತ್ತ ಬಂದಿದ್ದಾರೆ.

ಓಝರ್‌ನ ವಿಮಾನಗಳದು ಬೇರೊಂದು ಬಗೆ. ಜೆಟ್ ಇಂಜಿನ್ನಿನಲ್ಲಿ ಬೆಂಕಿ ಎಡೆಬಿಡದೆ ಉರಿಯುವುದು. ಅದರ ಸುತ್ತಣ ಒತ್ತಡವನ್ನು ಮುಂದಿನ ಕಂಪ್ರೆಸರ್ ನಿರ್ಧರಿಸುವುದು. ಇಲ್ಲಿ ಕಟ್ಟಲ್ಪಟ್ಟ ಮಿಗ್-21ರ ಇಂಜಿನ್ನು ಗಾಳಿಯನ್ನು ಸುಮಾರು 9 ಪಟ್ಟು ಒತ್ತುತ್ತಿತ್ತು. ಸುಖೋಯ್-30ರ ಎಎಲ್-31 ಇಂಜಿನ್ನು ಸುಮಾರು 23 ಪಟ್ಟು. 2025ರ ಅಕ್ಟೋಬರಿನಲ್ಲಿ ಓಝರ್‌ನಿಂದ ಮೊದಲು ಹಾರಿದ ತೇಜಸ್ ಮಾರ್ಕ್-1ಎಯ ಇಂಜಿನ್ನು ಸುಮಾರು 26 ಪಟ್ಟು. ಒತ್ತಡವೇರಿಸಿದಷ್ಟೂ ಇಂಧನದ ಸದ್ವಿನಿಯೋಗವಾಗುವುದರಿಂದ ನಿರ್ಮಾಪಕರು ಅದನ್ನು ಏರಿಸದೆ ಬಿಡರು. ಆದರೆ ಹಳೆಯ ಬಗೆಯ ಎರಚುನಳಿಗೆಗಳಲ್ಲಿ, ಸುತ್ತಣ ಒತ್ತಡ ಹೆಚ್ಚಿದಂತೆ ಇಂಧನದ ಕೊಡೆ ಮಡಿಸಿಕೊಂಡು, ಹನಿಗಳೆಲ್ಲ ನಳಿಗೆಯ ಬಾಯಲ್ಲೇ ಗುಂಪಾಗಿ, ಗಾಳಿ ಒಳಹೋಗದ ಎಡೆಯಲ್ಲಿ ಮಸಿ ಕೂಡುವುದು. ಅಂತಹ ದಟ್ಟ ಮಸಿಯು ತಾನು ಬೆಳಗುವ ಶಾಖದಿಂದ ದಹನಕೋಶದ ಗೋಡೆಯನ್ನೂ ಕಾಯಿಸಿ ಅದರ ಆಯುಸ್ಸನ್ನು ಕುಗ್ಗಿಸುವುದು. ವಿಯೆಟ್ನಾಮ್ ಯುದ್ಧದಲ್ಲಿ ಅಮೆರಿಕದ ಫ್ಯಾಂಟಮ್ ವಿಮಾನಗಳು ಬಿಡುತ್ತಿದ್ದ ಕಪ್ಪು ಗೆರೆಯಿಂದಲೇ ಅವುಗಳ ಇರವು ವೈರಿಗೆ ದೂರದಿಂದ ತಿಳಿಯುತ್ತಿತ್ತು. 1970ರ ದಶಕದ ಆರಂಭದಲ್ಲಿ ಪ್ರಯಾಣಿಕ ವಿಮಾನಗಳ ಜೆಟಿ8ಡಿ ಇಂಜಿನ್ನುಗಳ ದಹನಕೋಶಗಳನ್ನೇ ಬದಲಾಯಿಸಿ ಹೊಗೆಯನ್ನು ತಗ್ಗಿಸಬೇಕಾಯಿತು. ಇಂಧನವನ್ನು ಒತ್ತಡದಿಂದ ಎರಚುವ ಬದಲು ವೇಗದ ಗಾಳಿಯಿಂದಲೇ ಚೂರುಮಾಡುವ ನಳಿಗೆಗಳು ಬಂದ ಮೇಲೆ ಆಕಾಶದ ಕಪ್ಪು ಗೆರೆಗಳು ಬಹುಮಟ್ಟಿಗೆ ಅಳಿಸಿದವು.

ಭೂಮಿಯ ಮೇಲಿನ ಸ್ಥಿತಿಯನ್ನು ನೋಡಿದರೆ, ಕೇಂದ್ರ ಸರ್ಕಾರವು 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ವಾಯು ಯೋಜನೆಯು ಗಾಳಿ ಕೆಟ್ಟ ನಗರಗಳೆಂದು ಗುರುತಿಸಿದ ಪಟ್ಟಿಯಲ್ಲಿ ನಾಸಿಕವೂ ಇದೆ, ಸಂಭಾಜಿನಗರವೂ ಇದೆ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮವು ಡೀಸೆಲ್ ಕಾರು ಕಿಲೋಮೀಟರಿಗೆ ಬಿಡಬಹುದಾದ ಕಣದ ತೂಕವನ್ನು 25 ಮಿಲಿಗ್ರಾಮಿನಿಂದ 4.5ಕ್ಕೆ ಇಳಿಸಿತು, ತೂಕವಲ್ಲದೆ ಕಣಗಳ ಸಂಖ್ಯೆಗೂ ಮೊದಲ ಬಾರಿಗೆ ಮಿತಿ ಹಾಕಿ, ಕಿಲೋಮೀಟರಿಗೆ 60,000 ಕೋಟಿಯನ್ನು ಮೀರಬಾರದೆಂದಿತು. ಅಷ್ಟು ದೊಡ್ಡ ಸಂಖ್ಯೆಯನ್ನು ಕಂಡು ನಿಯಮ ಸಡಿಲವೆಂದು ಭಾವಿಸಬಾರದು; ಕಣಗಳು ಅಷ್ಟೊಂದು ಸೂಕ್ಷ್ಮವಾದುವು. ನಾಜಲ್ಲಿನ ಒತ್ತಡದಿಂದ ಮಾತ್ರ ಈ ಮಿತಿಯನ್ನು ತಲುಪಲಾಗದೆ, ಹೊಗೆಕೊಳವೆಗೆ ಸಚ್ಛಿದ್ರವಾದ ಪಿಂಗಾಣಿಯ ಶೋಧಕವನ್ನು ಜೋಡಿಸಬೇಕಾಯಿತು. ಶೋಧಕದಲ್ಲಿ ಕೂಡಿದ ಮಸಿಯನ್ನು ಆಗಾಗ ಸುಮಾರು 600 ಡಿಗ್ರಿಯ ಬಿಸಿಯಲ್ಲಿ ಸುಟ್ಟು ಬರಿದುಮಾಡಬೇಕು. ಪೇಟೆಯೊಳಗೆ ಎರಡು ಮೂರು ಕಿಲೋಮೀಟರು ಓಡಿ ನಿಲ್ಲುವ ವಾಹನಕ್ಕೆ ಆ ಬಿಸಿ ಒದಗದೆ, ಮುಂದಿನ ಫಲಕದಲ್ಲಿ ದೀಪವೊಂದು ಹೊತ್ತಿ ಎಚ್ಚರಿಸುವುದು. ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿದರೆ ಸಾಮಾನ್ಯವಾಗಿ ಸರಿಹೋಗುವ ಈ ಕೆಲಸಕ್ಕೆ ಬದಲಾಗಿ, ಶೋಧಕವನ್ನೇ ಕಿತ್ತುಹಾಕಿಸುವ ವಾಹನದೊಡೆಯರೂ ಉಂಟು, ಕಿತ್ತುಕೊಡುವ ಗ್ಯಾರೇಜುಗಳೂ ಉಂಟು. ಇದು ನೆರೆಹೊರೆಯ ಮಕ್ಕಳ ಉಸಿರಿಗೆ ಮಾಡುವ ಅಪಚಾರವೆಂದು ನಾನು ಸ್ಪಷ್ಟವಾಗಿ ಹೇಳಬಯಸುತ್ತೇನೆ.

ಇಂತಹ ವಾಹನವು ನಮ್ಮ ಹೊಗೆ ತಪಾಸಣಾ ಕೇಂದ್ರಗಳಲ್ಲಿ ಸಿಕ್ಕಿಬೀಳುವುದು ಕಷ್ಟ. ಅಲ್ಲಿಯ ಮಾಪಕವು ಹೊಗೆಯ ಮೂಲಕ ಬೆಳಕನ್ನು ಹಾಯಿಸಿ ಅದೆಷ್ಟು ಮಂಕಾಯಿತೆಂದು ನೋಡುವುದು. 2,000 ಬಾರಿನಲ್ಲಿ ಎರಚಿದ ಡೀಸೆಲಿನಿಂದ ಉಳಿಯುವ ಮಸಿಯಾದರೋ ತೂಕದಲ್ಲಿ ಅಲ್ಪ, ಕಣಗಳಲ್ಲಿ ಸೂಕ್ಷ್ಮ. ಬೆಳಕನ್ನು ಮಂಕುಮಾಡುವಷ್ಟು ಅದು ದಟ್ಟವಲ್ಲ. ಕಸಾರಾ ಘಟ್ಟದ ಹಳೆಯ ಲಾರಿಯನ್ನು ಹಿಡಿಯಲು ಹೊಂದುವ ಉಪಕರಣ ಶೋಧಕವಿಲ್ಲದ ಹೊಸ ಕಾರನ್ನು ನಿರ್ದೋಷಿಯೆಂದು ಕಳುಹಿಸಿಬಿಡುವುದು. ನೆದರ್ಲೆಂಡ್ಸ್ ಮತ್ತು ಜರ್ಮನಿಗಳು 2023ರಲ್ಲಿ ತಮ್ಮ ವಾರ್ಷಿಕ ಹಾಗೂ ನಿಯತಕಾಲಿಕ ತಪಾಸಣೆಗೆ ಕಣಗಳನ್ನೇ ಎಣಿಸುವ ಯಂತ್ರವನ್ನು ತಂದವು: ಇಂಜಿನ್ನು ನಿಂತಲ್ಲೇ ಮೆಲ್ಲಗೆ ಓಡುತ್ತಿರುವಾಗ ಕೊಳವೆಯೊಳಗೆ ನಳಿಗೆಯೊಂದನ್ನು ತೂರಿಸಿದರೆ, ಕೆಲವೇ ನಿಮಿಷಗಳಲ್ಲಿ ಶೋಧಕವು ಇದೆಯೋ, ಒಡೆದಿದೆಯೋ, ಇಲ್ಲವೇ ಇಲ್ಲವೋ ತಿಳಿದುಹೋಗುವುದು. ನಾಜಲ್ಲಿನ ರಂಧ್ರವನ್ನು ಮೈಕ್ರಾನಿನ ಲೆಕ್ಕದಲ್ಲಿ ಕೊರೆಯಬಲ್ಲ ನಾಸಿಕದಲ್ಲಿ, ಇಂಜಿನ್ನು ಕೂಡಿಸಬಲ್ಲ ಸಂಭಾಜಿನಗರದಲ್ಲಿ, ಆಡುಗೋಡಿಯ ಬೆಂಗಳೂರಿನಲ್ಲಿಯೂ ಆ ಯಂತ್ರವನ್ನು ಪ್ರತಿಯೊಂದು ತಪಾಸಣಾ ಕೇಂದ್ರದಲ್ಲಿ ಇಡಿಸುವ ಆಜ್ಞೆಯನ್ನು ಸಾರಿಗೆ ಇಲಾಖೆಗಳು ಹೊರಡಿಸಬೇಕು. ಬಿಎಸ್-6 ವಾಹನಗಳ ಮೊದಲ ತಂಡ ಹಳತಾಗಿ, ಅವುಗಳ ಶೋಧಕಗಳು ಗ್ಯಾರೇಜಿನ ಮೂಲೆ ಸೇರುವ ವರ್ಷಗಳು ಈಗಲೇ ಆರಂಭವಾಗಿವೆ.